ಉಲ್ಲೇಖವೆಂಬ ಋಣ

ವಿದ್ವಾಂಸನೊಬ್ಬನ ಯೋಗ್ಯತೆಯನ್ನು ಎಣಿಕೆಯಿಂದ ನಿರ್ಣಯಿಸಬಹುದೇ ಎಂಬ ಪ್ರಶ್ನೆ ಇಂದು ಬರಿಯ ತರ್ಕವಿನೋದವಾಗಿ ಉಳಿದಿಲ್ಲ. ಒಬ್ಬನ ಪ್ರಬಂಧಗಳನ್ನು ಇತರರು ಎಷ್ಟು ಬಾರಿ ಹೆಸರಿಸಿದ್ದಾರೆಂದು ಲೆಕ್ಕಹಾಕಿ, ಆ ಸಂಖ್ಯೆಯನ್ನು ನೋಡಿ ಉದ್ಯೋಗವನ್ನೂ ಧನಸಹಾಯವನ್ನೂ ಕೊಡುವ ಪದ್ಧತಿ ಅನೇಕ ವಿದ್ಯಾಸಂಸ್ಥೆಗಳಲ್ಲಿ ಬೇರೂರಿದೆ. ಹೀಗಿರಲು, ಆ ಸಂಖ್ಯೆ ಅಳೆಯುವುದಾದರೂ ಏನನ್ನು ಎಂಬುದು ವಿಚಾರಾರ್ಹವಾದುದು.

ಅಮೆರಿಕದ ಸೈದ್ಧಾಂತಿಕ ಭೌತವಿಜ್ಞಾನಿ ಸ್ಟೀವನ್ ವೈನ್‌ಬರ್ಗರ (೧೯೩೩–೨೦೨೧) ವೃತ್ತಾಂತ ಇದಕ್ಕೆ ತಕ್ಕ ನಿದರ್ಶನ. ೧೯೬೭ರ ನವೆಂಬರಿನಲ್ಲಿ ಅವರು ಲೆಪ್ಟಾನ್ ಎಂಬ ಕಣಗಳನ್ನು ಕುರಿತು ಮೂರು ಪುಟಗಳಿಗೆ ಮೀರದ ಒಂದು ಲೇಖನವನ್ನು ಪ್ರಕಟಿಸಿದರು. ವಿದ್ಯುತ್ಕಾಂತ ಬಲವೂ, ಕೆಲವು ಪರಮಾಣುಗಳ ವಿಘಟನೆಗೆ ಕಾರಣವಾದ ದುರ್ಬಲ ಬಲವೂ ಮೂಲದಲ್ಲಿ ಒಂದೇ ವ್ಯವಸ್ಥೆಯ ಎರಡು ಮುಖಗಳೆಂಬುದು ಅದರ ಸಾರ. ಲೋಕ ಅದನ್ನು ಹೇಗೆ ಬರಮಾಡಿಕೊಂಡಿತು? ಮೊದಲ ಮೂರು ನಾಲ್ಕು ವರ್ಷಗಳಲ್ಲಿ ಅದನ್ನು ಹೆಸರಿಸಿದವರು ಇಲ್ಲವೆನ್ನುವಷ್ಟು ವಿರಳ. ಮುಂದೆ ಅದೇ ಲೇಖನ ಭೌತವಿಜ್ಞಾನದಲ್ಲಿ ಅತ್ಯಧಿಕವಾಗಿ ಉಲ್ಲೇಖಗೊಂಡವುಗಳಲ್ಲಿ ಒಂದಾಗಿ, ಸಾವಿರಾರು ಬಾರಿ ಸ್ಮರಣೆಗೆ ಪಾತ್ರವಾಯಿತು. ಈ ನಡುವೆ ಲೇಖನದ ಒಂದಕ್ಷರವೂ ಬದಲಾಗಿರಲಿಲ್ಲ.

ಹಾಗಾದರೆ ಆ ಮೊದಲ ಮೌನ ಅನ್ಯಾಯವೇ? ಪೂರ್ಣವಾಗಿ ಹಾಗೆನ್ನಲಾಗದು. ಆ ಸಿದ್ಧಾಂತದ ಗಣಿತ ಅನಂತಸಂಖ್ಯೆಗಳ ದೋಷದಿಂದ ಮುಕ್ತವಾಗಬಲ್ಲುದೇ ಎಂಬ ಸಂದೇಹವನ್ನು ಲೇಖಕರೇ ಕೊನೆಯಲ್ಲಿ ಎತ್ತಿ ಹಾಗೆಯೇ ಬಿಟ್ಟಿದ್ದರು. ೧೯೭೧ರಲ್ಲಿ ಹಾಲೆಂಡಿನ ಗೆರಾರ್ಡ್ ಟ್‌ಹೂಫ್ಟ್ ಎಂಬ ತರುಣ ವಿದ್ಯಾರ್ಥಿ, ಗುರು ವೆಲ್ಟ್‌ಮನ್ನರ ಬಳಿ ದುಡಿದು, ಇಂಥ ಸಿದ್ಧಾಂತಗಳು ಗಣಿತಕ್ಕೆ ಒಗ್ಗುವುವೆಂದು ತೋರಿಸಿಕೊಟ್ಟನು. ೧೯೭೩ರಲ್ಲಿ ಜಿನೀವಾದ ಸರ್ನ್ ಪ್ರಯೋಗಶಾಲೆಯಲ್ಲಿ, ಸಿದ್ಧಾಂತ ಮುನ್ನುಡಿದಿದ್ದ ಹೊಸ ಬಗೆಯ ಕಣವ್ಯಾಪಾರ ಕಂಡುಬಂದಿತು. ೧೯೭೯ರಲ್ಲಿ ಗ್ಲಾಷೋ ಮತ್ತು ಅಬ್ದುಸ್ ಸಲಾಂ ಅವರೊಡನೆ ವೈನ್‌ಬರ್ಗರಿಗೆ ನೊಬೆಲ್ ಪಾರಿತೋಷಕ ಸಂದಿತು. ಅವರ ಲೇಖನಕ್ಕೆ ಬೆಲೆ ತಂದುದು ಅವರ ಪ್ರತಿಭೆಯೊಂದೇ ಅಲ್ಲ. ಇತರರ ಶ್ರಮವೂ ಹೌದು.

ಇಲ್ಲಿಯೇ ವಿಷಯದ ಮರ್ಮವಿದೆ. ಉಲ್ಲೇಖವೆಂದರೆ ಬರೆಯುವವನು ತನ್ನ ಸಾಲವನ್ನು ಒಪ್ಪಿಕೊಳ್ಳುವ ಮಾತು. ಮನುಷ್ಯನು ಹುಟ್ಟುವಾಗಲೇ ಹೊತ್ತು ಬರುವನೆಂದು ಹಿರಿಯರು ಹೇಳುವ ಮೂರು ಋಣಗಳಲ್ಲಿ ಋಷಿಋಣವೂ ಒಂದು. ಅದು ತೀರುವುದು ಅಧ್ಯಯನದಿಂದ. ಋಣವನ್ನು ನೆನೆಯುವುದು ಋಣಿಯ ಧರ್ಮ. ಆ ನೆನಕೆಗಳನ್ನು ಒಟ್ಟುಗೂಡಿಸಿ ಕೊಟ್ಟವನ ಆಸ್ತಿಯೆಂದು ಎಣಿಸಹೊರಟರೆ, ಧರ್ಮದ ಮಾತು ವ್ಯಾಪಾರದ ಮಾತಾಗುತ್ತದೆ. ನಿಜವಾಗಿ ಪಡೆಯದ ಸಾಲವನ್ನು ದಾಕ್ಷಿಣ್ಯಕ್ಕಾಗಿ ಬರೆದುಕೊಡುವವರೂ, ಪಡೆದುದನ್ನು ಮುಚ್ಚಿಡುವವರೂ ಹುಟ್ಟಿಕೊಳ್ಳುತ್ತಾರೆ.

ಯೂಜೀನ್ ಗಾರ್‌ಫೀಲ್ಡರು ೧೯೬೪ರಲ್ಲಿ ವಿಜ್ಞಾನದ ಉಲ್ಲೇಖಸೂಚಿಯನ್ನು ಹೊರತಂದಾಗ, ಒಂದು ವಿಚಾರ ಎಲ್ಲೆಲ್ಲಿಗೆ ಹರಿಯಿತೆಂದು ಹುಡುಕುವವನಿಗೆ ಅದು ದಾರಿ ತೋರುವ ಕೈಮರವಾಗಿತ್ತು. ಕೈಮರವೇ ಬರಬರುತ್ತ ತಕ್ಕಡಿಯಾಯಿತು. ೨೦೦೫ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ವಿದ್ವಾಂಸನ ಸಾಧನೆಯನ್ನು ಒಂದೇ ಅಂಕದಲ್ಲಿ ಹೇಳುವ ಸೂತ್ರವನ್ನು ರಚಿಸಿದರು; ಅದರಿಂದ ಕೆಡುಕೂ ಆಗಿದೆಯೆಂದು ೨೦೨೦ರಲ್ಲಿ ಅವರೇ ಬರೆದರು.

ಎಣಿಕೆಯ ಪರವಾಗಿಯೂ ಹೇಳತಕ್ಕ ಮಾತುಂಟು. ಹಿಂದುಮುಂದು ಯಾರೂ ಇಲ್ಲದ ತರುಣನಿಗೆ ಪ್ರಬಲರ ಶಿಫಾರಸಿಗಿಂತ ಸಂಖ್ಯೆಯೇ ನಿಷ್ಪಕ್ಷಪಾತಿಯಾದ ಸಾಕ್ಷಿಯಾಗಬಹುದು. ಸಾಕ್ಷಿಯನ್ನು ಕೇಳುವುದು ತಪ್ಪಲ್ಲ. ಸಾಕ್ಷಿಯನ್ನೇ ನ್ಯಾಯಾಧಿಪತಿಯ ಪೀಠದಲ್ಲಿ ಕುಳ್ಳಿರಿಸುವುದು ತಪ್ಪು.

ವೈನ್‌ಬರ್ಗರಿಗೆ ಆ ಮೌನದಿಂದ ನಷ್ಟವಾಗಲಿಲ್ಲ; ಅವರ ಇತರ ಕೃತಿಗಳು ಆ ವೇಳೆಗೇ ಮಾನ್ಯವಾಗಿದ್ದುವು. ಆದರೆ ಅಂಥ ಮೂರು ಪುಟಗಳೇ ಒಬ್ಬ ಬಡ ಸಂಶೋಧಕನ ಏಕಮಾತ್ರ ಸಂಪತ್ತಾಗಿದ್ದು, ೧೯೭೦ರಲ್ಲಿ ಅವನು ಪರೀಕ್ಷಕರ ಮುಂದೆ ನಿಂತಿದ್ದರೆ? ಅವರ ಲೆಕ್ಕದಲ್ಲಿ ತಪ್ಪಿರುತ್ತಿರಲಿಲ್ಲ, ತೀರ್ಪಿನಲ್ಲಿ ನ್ಯಾಯವಿರುತ್ತಿರಲಿಲ್ಲ. ಮೂರು ಪುಟಗಳನ್ನು ಓದುವ ಶ್ರಮವನ್ನು ಉಳಿಸಿಕೊಳ್ಳುವುದಕ್ಕಾಗಿ ಒಬ್ಬನ ಬಾಳನ್ನು ಅಂಕಿಗೆ ಒಪ್ಪಿಸುವುದು ವಿದ್ವತ್ತಿಗೆ ಒಪ್ಪುವ ಕಾರ್ಯವಲ್ಲ. ಓದುವುದರಿಂದ ತೀರಬೇಕಾದ ಋಣವನ್ನು ಎಣಿಸುವುದರಿಂದ ತೀರಿಸಲಾಗದು.