ಕಟ್ಟೆ ತುಂಬಿದ ದಿನದ ಬಾಗಿನ

ಕನ್ನಂಬಾಡಿ ಕಟ್ಟೆಯ ನೀರು 124.80 ಅಡಿ ಮುಟ್ಟಿತೆಂದರೆ ಮುಖ್ಯಮಂತ್ರಿಗಳು ಬಂದು ಕಾವೇರಿಗೆ ಬಾಗಿನ ಬಿಡುತ್ತಾರೆ. ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ರವಿಕೆ ಕಣ, ತೆಂಗಿನಕಾಯಿ, ಅಕ್ಕಿ, ಬೇಳೆ. ಮೇಲೆ ಇನ್ನೊಂದು ಮೊರ ಮುಚ್ಚಿರುತ್ತದೆ. ಗೌರಿ ಹಬ್ಬದಲ್ಲಿ ಮುತ್ತೈದೆಯ ಕೈಗಿಡುವುದೂ ಇದನ್ನೇ. ಅಂದಮೇಲೆ ಆ ಹೊತ್ತಿಗೆ ಕಾವೇರಿ ಬರಿಯ ನೀರಲ್ಲ, ತವರಿಗೆ ಬಂದ ಹೆಣ್ಣು. ಆದರೆ 1911ರಲ್ಲಿ ಕೆಲಸ ಹಿಡಿದು, ಸುಣ್ಣ-ಸುರ್ಕಿಯ ಗಾರೆಯಲ್ಲಿ ಕಲ್ಲುಗೋಡೆ ಎಬ್ಬಿಸಿ ಅವಳನ್ನು ತಡೆದವರೂ ನಾವೇ. ತಡೆದವರೇ ಪೂಜೆಗೂ ನಿಂತರೆ ಅದನ್ನು ಭಕ್ತಿ ಎನ್ನಬಹುದೇ?

ನದಿ ಪವಿತ್ರ, ಆದ್ದರಿಂದ ಅಣೆಕಟ್ಟೇ ಪಾಪ ಎನ್ನುವವರಿದ್ದಾರೆ. ನಮ್ಮ ಪರಂಪರೆಯಲ್ಲಿ ಈ ಮಾತಿಗೆ ಆಧಾರ ಸಾಲದು. ಕೆರೆ ಕಟ್ಟಿಸಿದವರ ಪುಣ್ಯವನ್ನು ಹೊಗಳುವ ಶಾಸನಗಳು ಈ ನಾಡಿನ ಊರೂರಲ್ಲಿವೆ. ಕಾವೇರಿಯ ಕಥೆಯೂ ಹಿಡಿದಿಟ್ಟ ನೀರಿನದೇ. ತನ್ನನ್ನು ಒಬ್ಬಳೇ ಬಿಟ್ಟು ಹೋಗಬಾರದೆಂಬ ಕರಾರಿನ ಮೇಲೆ ಅವಳು ಅಗಸ್ತ್ಯರ ಕೈಹಿಡಿದಳು. ಋಷಿ ಅವಳನ್ನು ಕಮಂಡಲದಲ್ಲಿಟ್ಟು ಸ್ನಾನಕ್ಕೆ ಹೋದಾಗ ಹರಿದು ಹೊರಟಳು ಎನ್ನುತ್ತದೆ ಕೊಡಗಿನ ಐತಿಹ್ಯ. ಕಮಂಡಲದಲ್ಲಿ ಇಟ್ಟದ್ದಕ್ಕೆ ಅವಳ ತಕರಾರಿಲ್ಲ, ಮಾತು ತಪ್ಪಿದ್ದಕ್ಕೆ.

ಹಾಗಾದರೆ ನೀರು ಹಿಡಿದಿಟ್ಟವನು ಕೊಡಬೇಕಾದ ಮಾತು ಯಾವುದು? ಧರ್ಮಶಾಸ್ತ್ರದಲ್ಲಿ ಉತ್ತರವಿದೆ. ಕೆರೆ ಕಟ್ಟಿಸಿದರಷ್ಟೇ ಸಾಲದು, ಅದರ ಉತ್ಸರ್ಗವಾಗಬೇಕು. ‘ಇದು ನನ್ನದು’ ಎಂಬುದನ್ನು ಬಿಟ್ಟು, ನೀರನ್ನು ಸಕಲ ಜೀವಿಗಳಿಗೆ ಒಪ್ಪಿಸಬೇಕು. ಕಟ್ಟಿಸಿದವನೂ ಆಮೇಲೆ ಅದೇ ನೀರು ಕುಡಿಯಬಹುದು, ಆದರೆ ಎಲ್ಲರಲ್ಲಿ ಒಬ್ಬನಾಗಿ. ಕನ್ನಂಬಾಡಿಯ ಬಾಗಿಲಲ್ಲೇ ಇದಕ್ಕೆ ಹತ್ತಿರದ ಮಾತು ಕಲ್ಲಿನಲ್ಲಿದೆ. ಕಟ್ಟೆಯ ಕೆಲಸ ನಡೆಯುವಾಗ ಸಿಕ್ಕ ಟಿಪ್ಪುವಿನ ಪಾರಸಿ ಶಾಸನ, ದೇವರ ಹೆಸರಿನಲ್ಲಿ ಕೈಗೊಂಡ ಕೆಲಸವೆಂದು ಹೇಳಿ, ಹೊಸದಾಗಿ ಸಾಗುವಳಿ ಮಾಡುವವರಿಗೆ ಕಂದಾಯದಲ್ಲಿ ರಿಯಾಯಿತಿ ಕೊಡುತ್ತದೆ. (ಟಿಪ್ಪು ಎಷ್ಟು ಕಟ್ಟಿದ, ವಿಶ್ವೇಶ್ವರಯ್ಯನವರು ಎಷ್ಟು ಕಟ್ಟಿದರು ಎಂಬ ಜಗಳ ಇಲ್ಲಿ ಬೇಡ.) ಬೃಂದಾವನದ ಕಾರಂಜಿಗೆ ಧಾವಿಸುವ ಪ್ರವಾಸಿಗರಲ್ಲಿ ಈ ಕಲ್ಲಿನ ಮುಂದೆ ನಿಲ್ಲುವವರು ಎಷ್ಟು ಮಂದಿಯೋ!

ಇದೆಲ್ಲ ಕೆರೆಯ ಮಾತು, 49 ಟಿಎಂಸಿ ಜಲಾಶಯಕ್ಕೆ ಹೊಂದದು ಎನ್ನಬಹುದು. ಮಂಡ್ಯದ ಗದ್ದೆ, ಬೆಂಗಳೂರಿನ ನಲ್ಲಿ, ಕೆಳಗಿನ ತಮಿಳುನಾಡು, ಇಷ್ಟಿರುವಾಗ ‘ನನ್ನದಲ್ಲ’ ಎಂದರೆ ಸರ್ಕಾರ ನಡೆಯುತ್ತದೆಯೇ? ಆಕ್ಷೇಪಣೆಯಲ್ಲಿ ಹುರುಳಿದೆ, ನೀರಿನ ಲೆಕ್ಕ ಬೇಕೇ ಬೇಕು. ಆದರೆ ಉತ್ಸರ್ಗ ಬಿಡಿಸುವುದು ಲೆಕ್ಕವನ್ನಲ್ಲ, ಒಡೆತನದ ಗರ್ವವನ್ನು. ಆ ಗರ್ವ ಇಳಿದಿದ್ದರೆ ಮುಳುಗಿದ ಊರು ಹಳೆಯ ಕನ್ನಂಬಾಡಿಯೂ ಲೆಕ್ಕಕ್ಕೆ ಬರುತ್ತಿತ್ತು. ಹಿನ್ನೀರಿನಲ್ಲಿ ಮುಳುಗಿದ ವೇಣುಗೋಪಾಲಸ್ವಾಮಿ ಗುಡಿಯ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಲಾಗಿದೆ. ದೇವರಿಗೆ ಹೀಗೆ ಮರಳಿ ಮನೆಯಾಯಿತು. ನೆಲ ಬಿಟ್ಟೆದ್ದ ಒಕ್ಕಲುಗಳ ಹೆಸರಿನಲ್ಲಿ ಒಂದು ಮೊರವೂ ಇಲ್ಲ. ಅಣೆಕಟ್ಟುಗಳನ್ನು ಹೊಸಯುಗದ ದೇಗುಲ ಎಂದ ನೆಹರೂ ಅವರೇ 1958ರಲ್ಲಿ ದೈತ್ಯ ಯೋಜನೆಗಳ ವ್ಯಾಮೋಹವನ್ನು ರೋಗವೆಂದರು. ದೇಗುಲವೆಂದದ್ದು ನಮಗೆ ಬಾಯಿಪಾಠ, ರೋಗವೆಂದದ್ದು ಮರೆತೇಹೋಗಿದೆ.

ಇನ್ನು ಆ 124.80. ಮಳೆ ಕೈಕೊಟ್ಟ ವರ್ಷ ಮಟ್ಟ ಅಲ್ಲಿಗೇರದಿದ್ದರೆ ಬಾಗಿನವೂ ಇಲ್ಲ. ಹೆಣ್ಣುಮಗಳು ಬರಿಗೈಯಲ್ಲಿ ಬಂದಳೆಂದು ಗೌರಿಯ ಮೊರವನ್ನು ಯಾವ ತವರೂ ತಡೆಹಿಡಿಯುವುದಿಲ್ಲ.