ಶಾಲೆಯ ಚೀಲದೊಳಗಿನ ಮೊಬೈಲು



ನೂಲ, ಗಡಹಿಂಗ್ಲಜದ ಕಡೆ ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ಮರಾಠಿ ಓದುವ ಮಕ್ಕಳಿದ್ದಾರೆ. ಪಾಠ ತಿಳಿಯದೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತವರು ನಮ್ಮಲ್ಲೂ ಇದ್ದೇವೆ. ಹಾಗಾಗಿ ತರಗತಿಯಲ್ಲಿ ಮೊಬೈಲು ಬೇಡವೇ ಬೇಡ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯಲ್ಲಿ ರಣಜಿತ್‌ಸಿಂಹ ಡಿಸಲೆ ಗುರುಗಳು ಕನ್ನಡ ಮಾತಿನ ಮಕ್ಕಳಿಗಾಗಿ ತಾವೇ ಕನ್ನಡ ಕಲಿತರು. ಪಠ್ಯವನ್ನು ಮಕ್ಕಳ ಮಾತಿಗೆ ತಂದು, ಪುಟಗಳಲ್ಲಿ ಕ್ಯೂಆರ್ ಕೋಡ್ ಸೇರಿಸಿ, ಪದ್ಯ-ಪಾಠಗಳನ್ನು ಮೊಬೈಲಿನಲ್ಲಿ ಕೇಳುವಂತೆ ಮಾಡಿದರು. 2020ರಲ್ಲಿ ಅವರಿಗೆ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು. ಗುರುಗಳು ಮೊದಲು ಭಾಷೆ ಕಲಿತರು, ಕೋಡ್ ಆಮೇಲೆ ಬಂತು, ಇದನ್ನು ಮರೆಯಬಾರದು.

ಅದೇ ಮೊಬೈಲು ಪಾಠದ ನಡುವೆ ಕಿಸೆಯಲ್ಲಿ ಗುಂಯ್‌ಗುಟ್ಟಿದರೆ? ಚದುರಿದ ಗಮನ ಮರಳಲು 20 ನಿಮಿಷದವರೆಗೂ ಬೇಕಾಗಬಹುದೆಂದು ಯುನೆಸ್ಕೋದ 2023ರ ವರದಿ ಹೇಳಿದೆ. ಅಷ್ಟರಲ್ಲಿ ಅರ್ಧ ಪಾಠ ಮುಗಿದಿರುತ್ತದೆ.

ಹಾಗೆಂದು ಮಕ್ಕಳ ಕೈಯಿಂದ ಕಸಿದುಕೊಳ್ಳುವ ಹಕ್ಕು ನಮಗಿದೆಯೇ? ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವದಲ್ಲಿ 2022ರಲ್ಲಿ ಸಂಜೆ ಏಳಕ್ಕೆ ಸೈರನ್ ಕೂಗಿಸುವುದು ಶುರುವಾಯಿತು. ಆಮೇಲೆ ಒಂದೂವರೆ ತಾಸು ಮೊಬೈಲು, ಟಿವಿ ಬಂದ್, ದೊಡ್ಡವರದೂ ಸೇರಿ. ನಮ್ಮ ಮನೆಗಳಲ್ಲಿ ಜಪಸರದ ಹೊತ್ತಿಗೂ ವಾಟ್ಸಾಪ್ ನೋಡುತ್ತಿರುವವರು ಬಹುಪಾಲು ನಾವೇ, ಅಪ್ಪ-ಅವ್ವಂದಿರು.