ಧ್ವನಿಯೂ ಒಂದು ಅಮಾನತ್ತು

ಮನುಷ್ಯನು ಮರಣ ಹೊಂದಿದಾಗ ಅವನ ಮನೆ, ಜಮೀನು, ಅಂಗಡಿ ವಾರಸುದಾರರಿಗೆ ಸೇರುತ್ತವೆ. ಸಾಲ ತೀರಿಸಿ, ವಸಿಯ್ಯತ್ತನ್ನು ಈಡೇರಿಸಿ, ಉಳಿದುದನ್ನು ಹೇಗೆ ಹಂಚಬೇಕೆಂಬುದಕ್ಕೆ ಶರೀಅತ್ತಿನಲ್ಲಿ ಸ್ಪಷ್ಟ ನಿಯಮಗಳಿವೆ. ಆದರೆ ಅವನ ಧ್ವನಿ ಯಾರಿಗೆ ಸೇರಬೇಕು? ಹಿಂದೆ ಹೀಗೆ ಕೇಳಿದ್ದರೆ ಜನರು ನಗುತ್ತಿದ್ದರು. ಇಂದು ನಗುವಂತಿಲ್ಲ.

2007ರಲ್ಲಿ ಜಪಾನಿನ ಕಂಪೆನಿಯೊಂದು ‘ಹಾತ್ಸುನೆ ಮಿಕು’ ಎಂಬ ಗಾಯಕಿಯನ್ನು ಹೊರತಂದಿತು. ಅವಳಿಗೆ ದೇಹವಿಲ್ಲ. ಸಾಕಿ ಫುಜಿತಾ ಎಂಬ ಕಲಾವಿದೆಯ ಧ್ವನಿಯ ತುಣುಕುಗಳನ್ನು ಜೋಡಿಸಿ ಕಂಪ್ಯೂಟರು ಹಾಡುತ್ತದೆ. ಇಂತಹ ಗಾಯಕರ ಸಂಖ್ಯೆ ಈಗ ಬಹಳ ಬೆಳೆದಿದೆ. ಸಂಗೀತದ ಬಗ್ಗೆ ವಿದ್ವಾಂಸರಲ್ಲಿರುವ ಭಿನ್ನಾಭಿಪ್ರಾಯ ಬೇರೆ ವಿಷಯ. ಇಲ್ಲಿರುವುದು ಪ್ರಾಮಾಣಿಕತೆಯ ಪ್ರಶ್ನೆ. ಫುಜಿತಾ ತಿಳಿದೇ ಧ್ವನಿ ಕೊಟ್ಟರು. ಹಾಡುವುದು ಯಂತ್ರವೆಂದು ಕೇಳುವವರಿಗೂ ಗೊತ್ತು. ಯಾರೂ ಮೋಸ ಹೋಗಲಿಲ್ಲ.

ಕನ್ನಡಿಗರ ಮನೆಮಾತಾಗಿದ್ದ ಎಸ್. ಪಿ. ಬಾಲಸುಬ್ರಹ್ಮಣ್ಯಂ 2020ರಲ್ಲಿ ನಿಧನರಾದರು. 2023ರ ‘ಕೀಡಾ ಕೋಲಾ’ ಎಂಬ ತೆಲುಗು ಚಿತ್ರದಲ್ಲಿ ಅವರ ಧ್ವನಿಯನ್ನು ಯಂತ್ರದಿಂದ ಮರುಸೃಷ್ಟಿಸಲಾಯಿತು. ತಮ್ಮ ಅನುಮತಿ ಕೇಳಲಿಲ್ಲವೆಂದು ಮಗ ಚರಣ್ ನೋಟೀಸು ಕಳುಹಿಸಿದರು. 2024ರಲ್ಲಿ ಎ. ಆರ್. ರಹ್ಮಾನ್, 1997ರಲ್ಲಿ ತೀರಿಕೊಂಡ ಶಾಹುಲ್ ಹಮೀದ್‌ರ ಧ್ವನಿಯನ್ನು ‘ಲಾಲ್ ಸಲಾಮ್’ ಚಿತ್ರದ ಹಾಡಿಗೆ ಬಳಸಿದರು. ಕುಟುಂಬದ ಒಪ್ಪಿಗೆ ಪಡೆದು ಸಂಭಾವನೆ ಕೊಟ್ಟಿರುವುದಾಗಿ ಬಹಿರಂಗವಾಗಿ ಹೇಳಿದರು. ಎರಡರ ನಡುವಿನ ವ್ಯತ್ಯಾಸ ಚಿಕ್ಕದಲ್ಲ.

ಯಂತ್ರವನ್ನು ದೂರುವುದರಲ್ಲಿ ಅರ್ಥವಿಲ್ಲ. ಚನ್ನಪಟ್ಟಣದ ಕುಶಲಕರ್ಮಿಯು ವಿದ್ಯುತ್ ಚರಕಿಯಲ್ಲಿ ಮರ ಕಡೆದು ಅರಗಿನ ಬಣ್ಣ ಹಚ್ಚಿದರೆ ಅದನ್ನು ಯಾರೂ ವಂಚನೆಯೆನ್ನುವುದಿಲ್ಲ. ಆದರೆ ಬೇರೆಲ್ಲೋ ಅಚ್ಚು ಹಾಕಿದ ಪ್ಲಾಸ್ಟಿಕ್ ಗೊಂಬೆಗೆ ಚನ್ನಪಟ್ಟಣದ ಹೆಸರು ಅಂಟಿಸಿದರೆ? ಅಲ್ಲಿ ಕುಶಲಕರ್ಮಿಯ ಹೆಸರೂ ಗ್ರಾಹಕನ ಹಣವೂ ಒಟ್ಟಿಗೆ ಕಳವಾಗುತ್ತವೆ. ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ಒದ್ದೆಯಿತ್ತು. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ಅವರು ವ್ಯಾಪಾರಿಯನ್ನು ಕೇಳಿದರು. ಯಂತ್ರದ ಹಾಡಿಗೂ ಇದೇ ಅಳತೆಗೋಲು ಸಾಕು. ಒಳಗಿರುವುದನ್ನು ಮೇಲೆ ಇಡಿ.

ಹಾಗಾದರೆ ಮಕ್ಕಳು ಒಪ್ಪಿದರೆ ಎಲ್ಲವೂ ಸರಿಯೇ? ಹಳೆಯ ಕ್ಯಾಸೆಟ್ಟಿನಲ್ಲೂ ಸತ್ತವರ ಧ್ವನಿಯಿದೆಯಲ್ಲ ಎಂದು ಕೆಲವರು ವಾದಿಸಬಹುದು. ಆದರೆ ಕ್ಯಾಸೆಟ್ಟು ಅವರು ಹಾಡಿದ್ದನ್ನು ಮಾತ್ರ ಕಾಪಾಡುತ್ತದೆ. ಈ ಯಂತ್ರವಾದರೋ ಅವರು ಹಾಡದಿದ್ದುದನ್ನೂ ಹಾಡಿಸುತ್ತದೆ. ಯಾವುದನ್ನು ಹಾಡಬೇಕು, ಯಾವುದನ್ನು ಹಾಡಬಾರದು ಎಂದು ಆರಿಸಿದ್ದು ಆ ಮನುಷ್ಯನ ಮನಸ್ಸಾಕ್ಷಿ. ಧ್ವನಿಯನ್ನು ನಕಲು ಮಾಡಬಹುದು, ಆ ಆಯ್ಕೆಯನ್ನು ನಕಲು ಮಾಡಲಾಗದು. ಆದುದರಿಂದ ವಾರಸುದಾರರು ಧ್ವನಿಯ ಒಡೆಯರಲ್ಲ, ಕಾವಲುಗಾರರು. ಅವರ ಒಪ್ಪಿಗೆ ಅಗತ್ಯ, ಆದರೆ ಅಷ್ಟೇ ಸಾಲದು. ತೀರಿಕೊಂಡವರು ಬದುಕಿದ್ದಾಗ ಇದನ್ನು ಬಯಸಿದ್ದರೇ, ಅವರು ನಿರಾಕರಿಸುತ್ತಿದ್ದ ಮಾತನ್ನು ಅವರ ಬಾಯಿಗೆ ತುರುಕುತ್ತಿದ್ದೇವೆಯೇ ಎಂದೂ ಕೇಳಿಕೊಳ್ಳಬೇಕು.

ಇದು ಚಿತ್ರರಂಗದವರ ಚಿಂತೆ ಮಾತ್ರವಲ್ಲ. ತೀರಿಹೋದ ತಾಯಿಯ ಧ್ವನಿಯಲ್ಲಿ ಹೊಸ ಮಾತು ಹುಟ್ಟಿಸುವ ಸಾಧನ ಈಗ ಮನೆಯ ಮೊಬೈಲಿಗೂ ಬಂದಿದೆ. ದುಃಖದಲ್ಲಿರುವವರಿಗೆ ಆ ಆಸೆಯಾಗುವುದು ಸಹಜ. ಆದರೆ ತಾಯಿ ಕೊಡದ ಹರಕೆಯನ್ನು ಅವಳ ಧ್ವನಿಯಲ್ಲಿ ಕೇಳಿ ಪಡೆಯುವ ಸಮಾಧಾನ ಎಷ್ಟು ದಿನ ನಿಂತೀತು? ಅವಳಿಗಾಗಿ ನಾವು ಮಾಡುವ ದುಆ ನಮ್ಮದೇ ಧ್ವನಿಯಲ್ಲಿದ್ದರೆ ಸಾಕು.

ನಾಳೆ ನಾಲಗೆಗಳೇ ಸಾಕ್ಷಿ ನುಡಿಯುವ ದಿನವೊಂದಿದೆ ಎಂದು ಸತ್ಯವಿಶ್ವಾಸಿಗಳು ನಂಬುತ್ತಾರೆ. ಅಂದು ಪ್ರತಿಯೊಂದು ನಾಲಗೆಯೂ ತಾನು ಆಡಿದ್ದಕ್ಕೆ ಸಾಕ್ಷಿಯಾಗುವುದು. ಅದು ಆಡದ ಮಾತಿಗೆ ಉತ್ತರಿಸಬೇಕಾದವರು, ಆ ಮಾತನ್ನು ಅದರಿಂದ ಆಡಿಸಿದವರು.